ಹೊಸ್ತಿಲಿನ ಎತ್ತರ: ಅಂಗವಿಕಲರ ವಸತಿ ಹಕ್ಕು ಮತ್ತು ಕಾನೂನು

ಕನ್ನಡದಲ್ಲಿ ಹೊಸ್ತಿಲು, ಮರಾಠಿಯಲ್ಲಿ ಉಂಬರಠಾ. ಕೊಲ್ಲಾಪುರ ಜಿಲ್ಲೆಯ ದ್ವಿಭಾಷಿಕ ಮನೆಗಳಲ್ಲಿ ಈ ಎರಡು ಮಾತುಗಳೂ ಒಂದೇ ದಿನ ಒಂದೇ ಬಾಯಲ್ಲಿ ಬರುತ್ತವೆ. ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚುತ್ತಾರೆ, ರಂಗೋಲಿ ಇಡುತ್ತಾರೆ, ತುಳಿಯಬಾರದು ಎಂದು ಮಕ್ಕಳಿಗೆ ಹೇಳುತ್ತಾರೆ. ಹೊಸ್ತಿಲು ದಾಟುವುದು ಎಂಬ ನುಡಿಗಟ್ಟು ಎರಡೂ ಭಾಷೆಗಳ ಸಾಹಿತ್ಯದಲ್ಲಿ ಸ್ತ್ರೀಯರ ಬಿಡುಗಡೆಯ ರೂಪಕವಾಗಿ ಬಳಕೆಗೊಂಡಿದೆ. ಆದರೆ ರೂಪಕವಾಗುವುದಕ್ಕೆ ಮೊದಲು ಹೊಸ್ತಿಲು ಒಂದು ಮರದ ಅಥವಾ ಕಲ್ಲಿನ ತುಂಡು, ಅದಕ್ಕೊಂದು ಎತ್ತರವಿದೆ. ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಆ ಎತ್ತರ ರೂಪಕವಲ್ಲ, ಕೇವಲ ತಡೆ. ಅಂಗವೈಕಲ್ಯವುಳ್ಳ ವ್ಯಕ್ತಿ ಮನೆ ಕೊಳ್ಳುವಾಗ, ಬಾಡಿಗೆಗೆ ಹಿಡಿಯುವಾಗ, ಸ್ವಂತ ಮನೆಯಲ್ಲಿಯೇ ಒಳಗೆ ಹೊರಗೆ ಓಡಾಡುವಾಗ ಕಾನೂನು ಅವರ ಬೆನ್ನಿಗೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದು ಈ ಲೇಖನದ ವಿಷಯ.

ಈ ಭಾಗದ ಹಳೆಯ ವಾಡೆಗಳ ರಚನೆಯನ್ನು ಬಲ್ಲವರಿಗೆ ಸಮಸ್ಯೆಯ ಅರ್ಧ ಭಾಗ ತಾನಾಗಿಯೇ ತಿಳಿಯುತ್ತದೆ. ಬೀದಿಯಿಂದ ಎರಡು ಮೂರು ಪಾವಟಿಗೆ ಏರಿದರೆ ಕಟ್ಟೆ, ಅದರಾಚೆ ತಲಬಾಗಿಲು, ತಲಬಾಗಿಲಿಗೆ ದಪ್ಪನೆಯ ಹೊಸ್ತಿಲು, ಒಳಗೆ ಪಡಸಾಲೆ, ಮತ್ತೊಂದು ಮೆಟ್ಟಿಲು ಏರಿದರೆ ಅಡುಗೆಮನೆ, ಬಚ್ಚಲು ಹಿತ್ತಿಲ ಕಡೆ ತಗ್ಗಿನಲ್ಲಿ. ಮರಾಠಿಯಲ್ಲಿ ಜೋತೆ ಎನ್ನುವ ಈ ಎತ್ತರದ ಅಡಿಪಾಯಕ್ಕೆ ಕಾರಣವಿಲ್ಲದಿಲ್ಲ. ಪಂಚಗಂಗೆ, ಹಿರಣ್ಯಕೇಶಿಯಂಥ ನದಿಗಳ ದಂಡೆಯ ಊರುಗಳಲ್ಲಿ ನೆಲವನ್ನು ಎತ್ತರಿಸದೆ ಮನೆ ಕಟ್ಟುವಂತಿಲ್ಲ. ಮಳೆಯ ನೀರಿನಿಂದ ಕಾಪಾಡುವ ಎತ್ತರವೇ ನಡೆಯಲಾಗದವರನ್ನು ಮನೆಯೊಳಗೆ ಕೂಡಿಹಾಕುತ್ತದೆ.

ಇದರ ಲೆಕ್ಕ ಸರಳವಾದುದು. ಗಾಲಿಕುರ್ಚಿಯ ಇಳಿಜಾರು ದಾರಿಗೆ ಒಪ್ಪಿತವಾದ ಪ್ರಮಾಣ 1:12. ಅಂದರೆ ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಒಂದೂವರೆ ಅಡಿ ಎತ್ತರದ ಜೋತೆಗೆ ಹದಿನೆಂಟು ಅಡಿ, ಎರಡು ಅಡಿಗೆ ಇಪ್ಪತ್ತನಾಲ್ಕು ಅಡಿ. ಬಾಗಿಲಿಗೆ ಕನಿಷ್ಠ 900 ಮಿಲಿಮೀಟರ್ ತೆರಪು ಬೇಕು, ಕುರ್ಚಿಯನ್ನು ಹೊರಳಿಸಲು ಒಂದೂವರೆ ಮೀಟರ್ ಅಗಲದ ಜಾಗ ಬೇಕು. ಇಚಲಕರಂಜಿಯ ಮಗ್ಗದ ಓಣಿಗಳಲ್ಲಿ ಹದಿನೆಂಟು ಅಡಿಯ ಇಳಿಜಾರನ್ನು ಮನೆಯ ಮುಂದೆ ಇಟ್ಟರೆ ಅದು ಎದುರುಮನೆಯ ಬಾಗಿಲಿಗೆ ಹೋಗಿ ಮುಟ್ಟೀತು. ಹೀಗಾಗಿ ಹಳೆಯ ಮನೆಯ ತಿದ್ದುಪಡಿ ಒಂದು ಪ್ರಶ್ನೆ, ಹೊಸ ಕಟ್ಟಡದ ನಕ್ಷೆ ಇನ್ನೊಂದೇ ಪ್ರಶ್ನೆ. ಹಳೆಯದರಲ್ಲಿ ಜಾಗವಿಲ್ಲವೆಂಬ ಮಾತನ್ನು ಒಪ್ಪಬಹುದು. ನಿನ್ನೆ ಮೊನ್ನೆ ಕಟ್ಟಿದ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿನ ಬಾಗಿಲಿಗೆ ತಲುಪುವ ಮುನ್ನವೇ ನಾಲ್ಕು ಪಾವಟಿಗೆಗಳಿದ್ದರೆ ಆ ಮಾತಿಗೆ ಬೆಲೆಯಿಲ್ಲ.

ಮನೆಗೂ ಅಂಗವೈಕಲ್ಯಕ್ಕೂ ಇರುವ ಸಂಬಂಧವನ್ನು ಕಾನೂನು ಮೊದಲಿಗೆ ನೋಡಿದ್ದು ಪ್ರವೇಶದ ದೃಷ್ಟಿಯಿಂದಲ್ಲ, ಆಸ್ತಿಯ ದೃಷ್ಟಿಯಿಂದ. ಇಲ್ಲಿ ಕನ್ನಡ ವಿದ್ಯಾರ್ಥಿಗಳಿಗೆ ಪರಿಚಿತವಾದ ನೆಲವೇ ಬರುತ್ತದೆ. ಗದುಗಿನ ಭಾರತವನ್ನು ಓದಿದವರೆಲ್ಲ ಧೃತರಾಷ್ಟ್ರನ ಕುರುಡನ್ನು ಪುತ್ರವ್ಯಾಮೋಹದ ಸಂಕೇತವಾಗಿ ವಿವರಿಸುತ್ತಾರೆ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿಯೂ ಅದೇ ಬರುತ್ತದೆ. ಹಿರಿಯ ಮಗನಾಗಿಯೂ ಕಣ್ಣಿಲ್ಲವೆಂಬ ಕಾರಣಕ್ಕೆ ರಾಜ್ಯ ಅವನಿಗೆ ಮೊದಲು ದಕ್ಕಲಿಲ್ಲ ಎಂಬ ಸಂಗತಿ ಕಥೆಯ ಮೂಲದಲ್ಲಿಯೇ ಇದ್ದರೂ ಅದನ್ನು ಹಕ್ಕಿನ ಪ್ರಶ್ನೆಯಾಗಿ ಓದುವವರು ಕಡಿಮೆ. ಅದು ಕಾವ್ಯದ ಕಲ್ಪನೆ ಮಾತ್ರವಾಗಿರಲಿಲ್ಲ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಹುಟ್ಟುಕುರುಡರು, ಕಿವುಡರು, ಮೂಕರು, ಬುದ್ಧಿಭ್ರಮಣೆಗೊಂಡವರು ಮುಂತಾದವರನ್ನು ದಾಯಭಾಗದಿಂದ ಹೊರಗಿಡುತ್ತದೆ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಆ ಪಟ್ಟಿಗೆ ಪಂಗು, ಅಂದರೆ ಕುಂಟನೂ ಸೇರುತ್ತಾನೆ.

ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಆ ಅರಸನ ಆಳ್ವಿಕೆ 1076ರಿಂದ 1126ರವರೆಗೆ. ಕಲ್ಯಾಣವೆಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಕನ್ನಡ ನೆಲದಲ್ಲಿ ಸಂಸ್ಕೃತದಲ್ಲಿ ರಚಿತವಾದ ಈ ಗ್ರಂಥ ಬಂಗಾಳದ ಕಡೆಯನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿ ಹಂಚಿಕೆಗೆ ಆಧಾರವಾಯಿತು. ವಿಜ್ಞಾನೇಶ್ವರ ಸ್ಮೃತಿಯ ನಿಷೇಧವನ್ನು ತೆಗೆದುಹಾಕಲಿಲ್ಲ. ವ್ಯಾಖ್ಯಾನಕಾರನಿಂದ ಅದನ್ನು ನಿರೀಕ್ಷಿಸುವುದೂ ಸರಿಯಲ್ಲ. ಆದರೆ ಅದರ ಅಂಚುಗಳನ್ನು ಅವನು ಮೃದುವಾಗಿಸಿದ್ದಾನೆ. ಪಾಲಾಗುವ ಮೊದಲು ಇದ್ದ ದೋಷ ಮಾತ್ರ ಪಾಲನ್ನು ತಪ್ಪಿಸುತ್ತದೆ. ಪಾಲಾದ ಮೇಲೆ ಬಂದ ವೈಕಲ್ಯ, ಕೊಟ್ಟ ಪಾಲನ್ನು ಹಿಂದಕ್ಕೆ ಕಿತ್ತುಕೊಳ್ಳುವುದಿಲ್ಲ. ಪಾಲಾದ ಮೇಲೆ ಔಷಧಿಯಿಂದ ದೋಷ ನೀಗಿದರೆ ಆಗಲೂ ಪಾಲು ಸಲ್ಲಬೇಕು. ದೋಷವಿಲ್ಲದ ಅವರ ಗಂಡುಮಕ್ಕಳಿಗೆ ಪಾಲು ಉಂಟು. ಉಳಿದವರಿಗೆಲ್ಲ ಜೀವನಾಂಶ: ಅನ್ನ, ಬಟ್ಟೆ, ಸೂರು. ಅಂಗವಿಕಲನಿಗೆ ಮನೆಯಲ್ಲಿ ಇರಲು ಅವಕಾಶವಿದೆ, ಮನೆ ಅವನದಲ್ಲ. ಸಾಕುವ ಹೊಣೆ ಮತ್ತು ಪಾಲಿನ ಹಕ್ಕು ಇವೆರಡರ ನಡುವಿನ ಈ ಅಂತರ ಎಂಟು ಶತಮಾನ ಕಾಯಿದೆಯ ರೂಪದಲ್ಲಿ ಉಳಿಯಿತು. ಅನೇಕ ಕುಟುಂಬಗಳ ಮನಸ್ಸಿನಲ್ಲಿ ಈಗಲೂ ಉಳಿದಿದೆ.

1928ರಲ್ಲಿ ಬ್ರಿಟಿಷ್ ಭಾರತದ ಶಾಸನಸಭೆ ಹಿಂದೂ ಉತ್ತರಾಧಿಕಾರದ ಅನರ್ಹತಾ ನಿವಾರಣಾ ಕಾಯಿದೆಯನ್ನು ತಂದಿತು. ಹುಟ್ಟಿನಿಂದ ಮತಿವಿಕಲರಾದವರನ್ನು ಬಿಟ್ಟು, ರೋಗ ಅಥವಾ ಅಂಗದೋಷದ ಕಾರಣದಿಂದ ಮಾತ್ರವೇ ಯಾರ ಪಾಲನ್ನೂ ತಪ್ಪಿಸಬಾರದೆಂದು ಅದು ಹೇಳಿತು. ಬ್ರಿಟಿಷ್ ಭಾರತದ ಕಾಯಿದೆಗಳು ದೇಶೀ ಸಂಸ್ಥಾನಗಳಿಗೆ ತಾವಾಗಿಯೇ ಅನ್ವಯಿಸುತ್ತಿರಲಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಕೊಲ್ಲಾಪುರ ಆಗ ಸಂಸ್ಥಾನ. ಗಡಹಿಂಗ್ಲಜ ಅದರೊಳಗಿನ ಊರು, ಇಚಲಕರಂಜಿ ಅದರ ಅಧೀನದ ಜಹಗೀರು. ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು 1949ರಲ್ಲಿ. ಅನರ್ಹತೆ ಪೂರ್ಣವಾಗಿ ಅಳಿದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೆಯ ಕಲಮಿನಿಂದ. ಯಾವ ರೋಗ, ದೋಷ, ವಿಕೃತಿಯೂ ಉತ್ತರಾಧಿಕಾರಕ್ಕೆ ಅಡ್ಡಿಯಲ್ಲ ಎನ್ನುವ ಆ ಕಲಮು ಬಹಳ ಚಿಕ್ಕದು. ಅಳಿಸಿದ್ದು ಬಹಳ ದೊಡ್ಡದು.

ಪಾಲು ಬಂದರೂ ಪಾವಟಿಗೆ ಉಳಿಯಿತು. ಕೊಲ್ಲಾಪುರದಲ್ಲಿ ಈ ಪ್ರಶ್ನೆಯನ್ನು ಜನರ ಕಣ್ಣೆದುರಿಗೆ ತಂದವರಲ್ಲಿ ನಸೀಮಾ ಹುರ್ಜುಕ ಮುಖ್ಯರು. ಹದಿಹರೆಯದಲ್ಲಿಯೇ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡ ಅವರು ಕೇಂದ್ರ ಅಬಕಾರಿ ಮತ್ತು ಸುಂಕ ಇಲಾಖೆಯಲ್ಲಿ ಕೆಲಸ ಮಾಡಿದರು. 1984ರಲ್ಲಿ ಕೊಲ್ಲಾಪುರದಲ್ಲಿ ಹೆಲ್ಪರ್ಸ್ ಆಫ್ ದಿ ಹ್ಯಾಂಡಿಕ್ಯಾಪ್ಡ್ ಎಂಬ ಸಂಸ್ಥೆ ಕಟ್ಟಿದರು. ಆ ಸಂಸ್ಥೆಯ ವಸತಿಗೃಹದ ಹೆಸರು ಘರೌಂದಾ, ಪುಟ್ಟ ಗೂಡು ಎಂದರ್ಥ. ಅವರ ಮರಾಠಿ ಆತ್ಮಕಥೆ 'ಚಾಕಾಚೀ ಖುರ್ಚೀ'. ಶೀರ್ಷಿಕೆಯನ್ನು ಗಮನಿಸಬೇಕು, ಕನಸು, ಹೋರಾಟ, ಜಯ ಎಂಬಂಥ ಮಾತುಗಳಿಲ್ಲ, ಗಾಲಿಕುರ್ಚಿ ಎಂಬ ವಸ್ತುವಿನ ಹೆಸರಷ್ಟೇ ಇದೆ. ಆತ್ಮಕಥೆಗಳನ್ನು ತೌಲನಿಕವಾಗಿ ಓದುವ ವಿದ್ಯಾರ್ಥಿಗಳು ಮರಾಠಿ ಬಲ್ಲವರಾಗಿದ್ದರೆ ಈ ಕೃತಿಯನ್ನು ಓದತಕ್ಕದ್ದು.

ಇಂಥ ವಸತಿಗೃಹಗಳು ಹುಟ್ಟಿದ್ದು ಊರಿನ ಸಾಮಾನ್ಯ ಮನೆಗಳು, ಶಾಲೆಗಳು ಈ ಮಕ್ಕಳನ್ನು ಒಳಗೆ ಬಿಟ್ಟುಕೊಳ್ಳಲಾರದ ಕಾಲದಲ್ಲಿ. ಅವು ಮಾಡಿದ ಕೆಲಸಕ್ಕೆ ಬೆಲೆ ಕಟ್ಟಲಾಗದು. ಆದರೆ ಇಂದಿನ ಕಾನೂನು ಒಂದು ಹೆಜ್ಜೆ ಮುಂದಿಟ್ಟು ಬೇರೆ ಮಾತನ್ನಾಡುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 5ನೆಯ ಕಲಮಿನ ಪ್ರಕಾರ ಸಮುದಾಯದ ನಡುವೆ ಬಾಳುವುದು ಅಂಗವಿಕಲರ ಹಕ್ಕು. ಇಂಥದೇ ವಸತಿ ವ್ಯವಸ್ಥೆಯಲ್ಲಿ ಇರಬೇಕೆಂಬ ಒತ್ತಾಯ ಅವರ ಮೇಲೆ ಬೀಳದಂತೆ ಸರಕಾರ ಪ್ರಯತ್ನಿಸಬೇಕು. ವಸತಿಗೃಹ ಆಯ್ಕೆಯಾಗಿದ್ದರೆ ಚೆಂದ, ಬೇರೆ ದಾರಿಯಿಲ್ಲವೆಂದು ಒದಗಿದ್ದಾದರೆ ಅದು ಊರಿನ ಕಟ್ಟಡಗಳ ಸೋಲು.

ಈ ಅಧಿನಿಯಮ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ಅದಕ್ಕೆ ಮೊದಲು ಇದ್ದದ್ದು 1995ರ ಕಾಯಿದೆ. ಅದು ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು, ಹೊಸದು ಇಪ್ಪತ್ತೊಂದನ್ನು ಗುರುತಿಸುತ್ತದೆ. ನಡುವೆ ನಡೆದ ಮುಖ್ಯ ಘಟನೆ ವಿಶ್ವಸಂಸ್ಥೆಯ 2006ರ ಒಡಂಬಡಿಕೆ. ಭಾರತ ಅದನ್ನು 2007ರಲ್ಲಿ ಅನುಮೋದಿಸಿತು. ಅದರ 9ನೆಯ ಅನುಚ್ಛೇದ ಪ್ರವೇಶಸೌಲಭ್ಯ ಇರಬೇಕಾದ ಕಟ್ಟಡಗಳ ಸಾಲಿನಲ್ಲಿ ಶಾಲೆ, ಆಸ್ಪತ್ರೆ, ಕೆಲಸದ ಸ್ಥಳಗಳ ಜೊತೆಗೆ ವಸತಿಯನ್ನೂ ಹೆಸರಿಸಿದೆ. ನಮ್ಮ ಅಧಿನಿಯಮದ ವ್ಯಾಖ್ಯೆಯನ್ನು ಇದರ ಪಕ್ಕಕ್ಕಿಟ್ಟು ಓದಿದರೆ ಒಂದು ಶಬ್ದ ಜಾರಿಹೋದದ್ದು ಕಾಣುತ್ತದೆ. 'ಸಾರ್ವಜನಿಕ ಕಟ್ಟಡ' ಎಂಬುದರ ವ್ಯಾಖ್ಯೆಯಲ್ಲಿ ವಿದ್ಯಾಲಯ, ವ್ಯಾಪಾರ, ಧರ್ಮ, ಮನರಂಜನೆ, ಆಸ್ಪತ್ರೆ, ನ್ಯಾಯಾಲಯ, ರೈಲು ನಿಲ್ದಾಣ ಎಲ್ಲವೂ ಬಂದಿವೆ, ಮನೆ ಬಂದಿಲ್ಲ. ಹಳೆಯ ಸಾರ್ವಜನಿಕ ಕಟ್ಟಡಗಳನ್ನೆಲ್ಲ ಐದು ವರ್ಷದೊಳಗೆ ಸರಿಪಡಿಸಬೇಕೆನ್ನುವ 45ನೆಯ ಕಲಮು ಆದಕಾರಣ ಖಾಸಗಿ ವಸತಿಯ ಬಾಗಿಲಲ್ಲಿಯೇ ನಿಂತುಬಿಡುತ್ತದೆ. ಶಬ್ದಾರ್ಥದ ಪಾಠವನ್ನು ಒಣ ಪಾಠವೆಂದು ತಿಳಿದವರು ಈ ವ್ಯಾಖ್ಯೆಯನ್ನೊಮ್ಮೆ ನೋಡಬೇಕು.

ಹಾಗೆಂದು ಹೊಸ ಅಪಾರ್ಟ್‌ಮೆಂಟುಗಳು ಕಾನೂನಿನಿಂದ ಹೊರಗಿಲ್ಲ. 44ನೆಯ ಕಲಮಿನ ಭಾಷೆ ಬೇರೆ. ಕೇಂದ್ರ ಸರಕಾರದ ಪ್ರವೇಶಸೌಲಭ್ಯ ನಿಯಮಗಳಿಗೆ ಹೊಂದದ ನಕ್ಷೆಯಿದ್ದರೆ ಯಾವ 'ಸಂಸ್ಥೆ'ಗೂ ಯಾವ ರಚನೆಯನ್ನೂ ಕಟ್ಟಲು ಅನುಮತಿ ಕೊಡಕೂಡದು. ಕಟ್ಟಿದ್ದರೆ ಪೂರ್ಣತೆಯ ಪ್ರಮಾಣಪತ್ರ ಕೊಡಕೂಡದು, ವಾಸಕ್ಕೆ ಬಿಡಕೂಡದು ಎಂದು ಅದು ಹೇಳುತ್ತದೆ. ಇಲ್ಲಿ ಸಾರ್ವಜನಿಕ ಎಂಬ ವಿಶೇಷಣವಿಲ್ಲ. ಖಾಸಗಿ ಸಂಸ್ಥೆ ಎಂದರೆ ಕಂಪನಿ, ಪಾಲುದಾರಿಕೆಯ ಫರ್ಮು, ಸಹಕಾರಿ ಸಂಘ, ವಿಶ್ವಸ್ತ ಮಂಡಳಿ ಎಲ್ಲವೂ ಹೌದು. ಬಿಲ್ಡರನ ಫರ್ಮೂ ಸಂಸ್ಥೆಯೇ, ಫ್ಲ್ಯಾಟುಗಳ ಒಡೆಯರು ಸೇರಿ ಮಾಡಿಕೊಂಡ ಗೃಹನಿರ್ಮಾಣ ಸಂಘವೂ ಸಂಸ್ಥೆಯೇ. ತಮ್ಮ ಸ್ವಂತಕ್ಕೆಂದು ಸ್ವಂತ ಜಾಗದಲ್ಲಿ ಮನೆ ಕಟ್ಟಿಕೊಳ್ಳುವ ಒಬ್ಬ ವ್ಯಕ್ತಿ ಈ ವ್ಯಾಖ್ಯೆಯಲ್ಲಿ ಸೇರುವುದಿಲ್ಲ.

ಕಲಮು ಗಟ್ಟಿಯಾಗಿದ್ದರೂ ಅದು ಆತುಕೊಂಡ ನಿಯಮ ಗಟ್ಟಿಯಾಗಿರಲಿಲ್ಲ. 2017ರ ನಿಯಮಗಳಲ್ಲಿ 15ನೆಯದು ವಿವಿಧ ಇಲಾಖೆಗಳ ಮಾರ್ಗಸೂಚಿಗಳನ್ನು ಉಲ್ಲೇಖಿಸಿ ಸುಮ್ಮನಾಗಿತ್ತು. ಮಾರ್ಗಸೂಚಿ ಎಂದರೆ ಹೀಗೆ ಮಾಡಿದರೆ ಒಳ್ಳೆಯದು ಎಂಬ ಸಲಹೆ; ಹೀಗೆ ಮಾಡಲೇಬೇಕು ಎಂಬ ವಿಧಿ ಅಲ್ಲ. ದೃಷ್ಟಿವಿಕಲರಾದ ರಾಜೀವ ರತೂರಿ 2005ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ಮೊಕದ್ದಮೆ ಈ ಬಿಂದುವಿಗೆ ಬಂದು ನಿಂತದ್ದು ಹತ್ತೊಂಬತ್ತು ವರ್ಷಗಳ ನಂತರ. 2024ರ ನವೆಂಬರ್ 8ರಂದು ನ್ಯಾಯಾಲಯ, ಅಧಿನಿಯಮ ಕಡ್ಡಾಯ ನಿಯಮಗಳನ್ನು ಬಯಸಿದ್ದಾಗ ಬರಿಯ ಸಲಹೆಗಳನ್ನು ನೀಡುವ 15(1)ನೆಯ ನಿಯಮ ಅಧಿನಿಯಮಕ್ಕೇ ವಿರುದ್ಧವೆಂದು ತೀರ್ಪಿತ್ತಿತು. ಕಡ್ಡಾಯವಾದವುಗಳನ್ನು ಸಲಹೆಗಳಿಂದ ಬೇರ್ಪಡಿಸಿ ಮೂರು ತಿಂಗಳಲ್ಲಿ ರೂಪಿಸಬೇಕೆಂದು ಕೇಂದ್ರಕ್ಕೆ ನಿರ್ದೇಶಿಸಿತು. 'ತಕ್ಕದ್ದು' ಮತ್ತು 'ಬಹುದು' ಎಂಬ ಎರಡು ಕ್ರಿಯಾರೂಪಗಳ ನಡುವಿನ ಭೇದವನ್ನು ವ್ಯಾಕರಣದ ತರಗತಿಯಲ್ಲಿ ಹೇಳುವುದುಂಟು. ಆ ಭೇದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯುವುದು ಕಷ್ಟ.

ಮಹಾರಾಷ್ಟ್ರದಲ್ಲಿ ನಕ್ಷೆಗೆ ಅನುಮತಿ ಸಿಗುವುದು 2020ರ ಡಿಸೆಂಬರಿನಲ್ಲಿ ಬಂದ ಏಕೀಕೃತ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯ ಮೇರೆಗೆ. ಮುಂಬಯಿಯಂಥ ಕೆಲವು ಪ್ರದೇಶಗಳನ್ನು ಬಿಟ್ಟು ರಾಜ್ಯದ ಉಳಿದ ಭಾಗಕ್ಕೆಲ್ಲ ಅದು ಒಂದೇ. ಕೊಲ್ಲಾಪುರ ಮಹಾನಗರಪಾಲಿಕೆ, 2022ರಲ್ಲಿ ಮಹಾನಗರಪಾಲಿಕೆಯಾದ ಇಚಲಕರಂಜಿ, ನಗರಪರಿಷತ್ತಿರುವ ಗಡಹಿಂಗ್ಲಜ ಮೂರೂ ಅದರ ಅಡಿಯಲ್ಲಿಯೇ ಬರುತ್ತವೆ. ತಡೆರಹಿತ ಪ್ರವೇಶದ ಅಂಶಗಳು ಅದರಲ್ಲಿ ಇವೆ, ಒತ್ತು ಮಾತ್ರ ಸಾರ್ವಜನಿಕ ಬಳಕೆಯ ಕಟ್ಟಡಗಳ ಮೇಲೆ.

ಒಳಗೆ ಹೋಗುವ ಪ್ರಶ್ನೆಗಿಂತ ಮುಂಚಿನದು ಒಳಗೆ ಬಿಡುವ ಪ್ರಶ್ನೆ. ಮನೆಯೊಡೆಯ ಕುರುಡ ಬಾಡಿಗೆದಾರನನ್ನು ನೋಡಿ 'ಗ್ಯಾಸ್ ಒಲೆ ಹಚ್ಚಿ ಏನಾದರೂ ಅನಾಹುತವಾದೀತು' ಎಂದು ಬಾಗಿಲು ಹಾಕಿಕೊಂಡರೆ ಯಾವ ಕಾನೂನು? ಅಮೆರಿಕದಲ್ಲಿ ಇದಕ್ಕೆ ನೇರವಾದ ಉತ್ತರವಿದೆ. ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದ ಒಂದು ವಾರದಲ್ಲಿ, 1968ರ ಏಪ್ರಿಲ್ 11ರಂದು, ನ್ಯಾಯಸಮ್ಮತ ವಸತಿ ಕಾಯಿದೆ ಅಲ್ಲಿ ಶಾಸನವಾಯಿತು. ಮೊದಲು ಅದು ಜನಾಂಗ, ವರ್ಣ, ಧರ್ಮ, ಮೂಲದೇಶಗಳ ಭೇದವನ್ನು ನಿಷೇಧಿಸಿತು. 1988ರ ತಿದ್ದುಪಡಿಯಿಂದ ಅಂಗವೈಕಲ್ಯವೂ ಸೇರಿತು. ಬಾಡಿಗೆದಾರ ತನ್ನ ಖರ್ಚಿನಲ್ಲಿ ಬಾಗಿಲು ಅಗಲಿಸಿಕೊಳ್ಳುತ್ತೇನೆ, ಬಚ್ಚಲಲ್ಲಿ ಹಿಡಿಕೆ ಹಾಕಿಸಿಕೊಳ್ಳುತ್ತೇನೆ ಎಂದರೆ ಒಡೆಯ ಸಕಾರಣವಿಲ್ಲದೆ ಬೇಡವೆನ್ನುವಂತಿಲ್ಲ. 1991ರ ಮಾರ್ಚ್ 13ರ ನಂತರ ಮೊದಲ ಬಾರಿಗೆ ವಾಸಕ್ಕೆ ತೆರೆದ, ನಾಲ್ಕು ಅಥವಾ ಹೆಚ್ಚು ಮನೆಗಳಿರುವ ಕಟ್ಟಡಗಳಲ್ಲಿ ಲಿಫ್ಟ್ ಇದ್ದರೆ ಎಲ್ಲ ಮನೆಗಳೂ, ಇಲ್ಲದಿದ್ದರೆ ನೆಲಮಟ್ಟದ ಮನೆಗಳೂ ಪ್ರವೇಶಯೋಗ್ಯವಾಗಿರಬೇಕು. ಖಾಸಗಿ ವಸತಿ ಎಂಬ ನೆಪ ಅಲ್ಲಿ ನಡೆಯುವುದಿಲ್ಲ.

ಭಾರತದಲ್ಲಿ ಇಂಥ ಒಂದೇ ಕಾಯಿದೆ ಇಲ್ಲ, ಚೂರುಗಳನ್ನು ಜೋಡಿಸಿಕೊಳ್ಳಬೇಕು. ವಸತಿಯಲ್ಲಿ ಭೇದಭಾವದ ಬಗ್ಗೆ ಸರ್ವೋಚ್ಚ ನ್ಯಾಯಾಲಯದ ಪ್ರಸಿದ್ಧ ತೀರ್ಪು 2005ರ ಜೊರಾಸ್ಟ್ರಿಯನ್ ಸಹಕಾರಿ ಗೃಹನಿರ್ಮಾಣ ಸಂಘದ ಮೊಕದ್ದಮೆಯದು. ಅಹಮದಾಬಾದಿನ ಆ ಸಂಘ ತನ್ನ ಸದಸ್ಯತ್ವವನ್ನು ಪಾರಸಿಗಳಿಗೆ ಸೀಮಿತಗೊಳಿಸಿದ್ದು ಸಿಂಧುವೆಂದು ನ್ಯಾಯಾಲಯ ಒಪ್ಪಿತು. ಅದು ಅಂಗವೈಕಲ್ಯದ ಮೊಕದ್ದಮೆಯಲ್ಲ, ಆದರೆ ನಾಲ್ಕು ಜನ ಸೇರಿ ಕಟ್ಟಿಕೊಂಡ ವಸತಿಯಲ್ಲಿ ಯಾರಿರಬೇಕೆಂಬುದು ಅವರವರ ಇಷ್ಟ ಎಂಬ ಭಾವನೆಗೆ ಅದು ಬಲ ತುಂಬಿತು. ಇದಕ್ಕೆದುರಾಗಿ ನಿಲ್ಲುವ ಚೂರುಗಳೂ ಇವೆ. ಅಂಗವೈಕಲ್ಯದ ಆಧಾರದ ಮೇಲೆ ಭೇದ ಮಾಡಕೂಡದೆಂಬ 2016ರ ಅಧಿನಿಯಮದ 3ನೆಯ ಕಲಮು ಒಂದು. ಅರ್ಹನಾದವನಿಗೆ ಸಾಕಷ್ಟು ಕಾರಣವಿಲ್ಲದೆ ಸದಸ್ಯತ್ವ ನಿರಾಕರಿಸಬಾರದೆನ್ನುವ 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯಿದೆಯ 23ನೆಯ ಕಲಮು ಇನ್ನೊಂದು. ಮೂರನೆಯದನ್ನು ಕೊಳ್ಳುವವರು ಓದುವುದೇ ಇಲ್ಲ: ಮಹಾರೇರಾದಲ್ಲಿ ಯೋಜನೆಯನ್ನು ನೋಂದಾಯಿಸುವಾಗ ಬಿಲ್ಡರ್ ಕೊಡುವ ಘೋಷಣಾಪತ್ರದಲ್ಲಿ, ಮನೆ ಹಂಚಿಕೆಯ ವೇಳೆ ಯಾರ ವಿಷಯದಲ್ಲಿಯೂ ಭೇದ ಮಾಡುವುದಿಲ್ಲವೆಂಬ ಮುಚ್ಚಳಿಕೆಯಿದೆ. ಇದು ಮಾರಾಟಕ್ಕೆ ಮಾತ್ರ. ಬಾಡಿಗೆಯ ಮನೆ ಹುಡುಕುವವರಿಗೆ, ಅಂದರೆ ಹೆಚ್ಚು ತೊಂದರೆಗೆ ಒಳಗಾಗುವವರಿಗೆ, ಕಾನೂನು ಇನ್ನೂ ತೆಳ್ಳಗೇ ಇದೆ.

ಒಳಗೆ ಸೇರಿದ ಮೇಲೆ ನಿತ್ಯದ ಜಗಳ ಹುಟ್ಟುವುದು ಸಾಮಾನ್ಯ ಜಾಗದಲ್ಲಿ. ಪಾರ್ಶ್ವವಾಯುವಾದ ಹಿರಿಯರೊಬ್ಬರಿಗೆಂದು ಮನೆಯವರು ತಳಮಹಡಿಯ ಪಾವಟಿಗೆಗಳ ಪಕ್ಕಕ್ಕೊಂದು ಇಳಿಜಾರು ಹಾಕಿಸಬೇಕೆಂದು ಕೇಳುತ್ತಾರೆ ಎನ್ನೋಣ. ಸೊಸೈಟಿಯ ಸಭೆಯಲ್ಲಿ ಒಬ್ಬರು ಸ್ಕೂಟರ್ ನಿಲ್ಲಿಸಲು ಜಾಗ ಹೋಗುತ್ತದೆ ಎನ್ನುತ್ತಾರೆ, ಇನ್ನೊಬ್ಬರು ಕಟ್ಟಡದ ಅಂದ ಕೆಡುತ್ತದೆ ಎನ್ನುತ್ತಾರೆ. ಇಲ್ಲಿ ಕಾನೂನಿನ ಒಂದು ಪರಿಕಲ್ಪನೆ ಉಪಯೋಗಕ್ಕೆ ಬರುತ್ತದೆ. ಕನ್ನಡದಲ್ಲಿ ಅದನ್ನು ಸಮಂಜಸ ಹೊಂದಾಣಿಕೆ ಎನ್ನಬಹುದು. ಒಬ್ಬ ವ್ಯಕ್ತಿ ಇತರರ ಸಮನಾಗಿ ಹಕ್ಕನ್ನು ಅನುಭವಿಸಲು ಬೇಕಾದ ಬದಲಾವಣೆಯನ್ನು, ಎದುರಿನವರ ಮೇಲೆ ಅಳತೆ ಮೀರಿದ ಹೊರೆ ಬೀಳದ ಮಟ್ಟಿಗೆ, ಮಾಡಿಕೊಡುವುದು ಎಂದು ಅದರ ಅರ್ಥ. ಎಲ್ಲರಿಗೂ ಒಂದೇ ಮದ್ದು ಎಂಬ ರೀತಿ ಇಲ್ಲಿ ಸಲ್ಲದು, ಆಯಾ ವ್ಯಕ್ತಿಯ ಅಗತ್ಯವನ್ನು ನೋಡಿ ನಿರ್ಧರಿಸಬೇಕೆಂಬುದನ್ನು ಸರ್ವೋಚ್ಚ ನ್ಯಾಯಾಲಯ 2021ರ ವಿಕಾಸ ಕುಮಾರ್ ತೀರ್ಪಿನಲ್ಲಿ ಬಿಡಿಸಿ ಹೇಳಿದೆ. ಸ್ಕೂಟರಿನ ಜಾಗ ಅಳತೆ ಮೀರಿದ ಹೊರೆಯಲ್ಲ. ಕಟ್ಟಡದ ಆಧಾರಸ್ತಂಭಕ್ಕೆ ಧಕ್ಕೆಯಾಗುವಂತಿದ್ದರೆ ಅದು ಹೊರೆಯೇ. ಆಗ ಬೇರೆ ಉಪಾಯ ಹುಡುಕಬೇಕು.

ಒಪ್ಪದಿದ್ದರೆ ಪುಣೆಯಲ್ಲಿರುವ ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು. ಸಾಕ್ಷಿದಾರರನ್ನು ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಆದರೆ ಅವರು ಕೊಡುವುದು ಶಿಫಾರಸು. ಸಂಬಂಧಪಟ್ಟ ಪ್ರಾಧಿಕಾರ ಕೈಗೊಂಡ ಕ್ರಮವನ್ನು ಮೂರು ತಿಂಗಳಲ್ಲಿ ತಿಳಿಸಬೇಕು, ಒಪ್ಪದಿದ್ದರೆ ಕಾರಣ ಹೇಳಬೇಕು. ಅಧಿನಿಯಮದ ಉಲ್ಲಂಘನೆಗೆ 89ನೆಯ ಕಲಮಿನಂತೆ ಮೊದಲ ಸಲ ಹತ್ತು ಸಾವಿರ ರೂಪಾಯಿಯವರೆಗೆ, ಮತ್ತೆ ಮಾಡಿದರೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡವುಂಟು. ಮೊದಲ ದಂಡ ಒಂದು ಒಳ್ಳೆಯ ತಲಬಾಗಿಲಿನ ಬೆಲೆಗಿಂತ ಕಡಿಮೆ ಎಂಬುದನ್ನು ಬಿಲ್ಡರುಗಳು ಬಲ್ಲರು.

ಸರಕಾರಿ ವಸತಿಯಲ್ಲಿ ಸ್ಥಿತಿ ಸ್ವಲ್ಪ ಉತ್ತಮ. 37ನೆಯ ಕಲಮು ವಸತಿ ಮತ್ತು ಕೃಷಿಭೂಮಿ ಹಂಚಿಕೆಯ ಯೋಜನೆಗಳಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ ಶೇಕಡಾ 5ರ ಮೀಸಲಾತಿ ನೀಡುತ್ತದೆ, ಅದರಲ್ಲಿಯೂ ಮಹಿಳೆಯರಿಗೆ ಆದ್ಯತೆ. ನಗರಗಳ ಪ್ರಧಾನಮಂತ್ರಿ ಆವಾಸ ಯೋಜನೆಯ ಮಾರ್ಗಸೂಚಿಗಳಲ್ಲಿ ಅಂಗವಿಕಲರಿರುವ ಕುಟುಂಬಕ್ಕೆ ಆದಷ್ಟೂ ನೆಲಮಹಡಿಯ ಅಥವಾ ಕೆಳಮಹಡಿಯ ಮನೆ ಕೊಡಬೇಕೆಂಬ ಸೂಚನೆಯಿದೆ. ನೆಲಮಹಡಿ ಎಂಬ ಪರಿಹಾರ ನದೀತೀರದ ಊರುಗಳಲ್ಲಿ ಇನ್ನೊಂದು ಇಕ್ಕಟ್ಟನ್ನು ತರುತ್ತದೆ. 2019 ಮತ್ತು 2021ರ ಮಹಾಪೂರಗಳಲ್ಲಿ ಪಂಚಗಂಗೆ ಮೊದಲು ಹೊಕ್ಕದ್ದು ನೆಲಮಹಡಿಗಳನ್ನೇ. ವಿಪತ್ತಿನ ವೇಳೆ ಅಂಗವಿಕಲರಿಗೆ ಸಮಾನ ರಕ್ಷಣೆ ದೊರೆಯಬೇಕೆಂದು 8ನೆಯ ಕಲಮು ಹೇಳುತ್ತದೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಅಂಥವರ ವಿವರಗಳ ದಾಖಲೆ ಇಟ್ಟಿರಬೇಕೆಂದೂ ಅದರಲ್ಲಿಯೇ ಇದೆ.

ಫ್ಲ್ಯಾಟು ಕೊಳ್ಳಹೊರಟ ಮನೆಗಳಲ್ಲಿ ಕಾಗದಪತ್ರ ಓದುವ ಕೆಲಸ ಅನೇಕ ವೇಳೆ ಕಾಲೇಜು ಓದುವ ಮಗ ಅಥವಾ ಮಗಳ ಪಾಲಿಗೆ ಬರುತ್ತದೆ. ಮರಾಠಿಯಲ್ಲಿ ಭೋಗವಟಾ ಪ್ರಮಾಣಪತ್ರ ಎಂದು ಕರೆಯುವುದು ವಾಸಯೋಗ್ಯತೆಯ ಪ್ರಮಾಣಪತ್ರ. ಅದಿಲ್ಲದೆ ಕೀಲಿಕೈ ತೆಗೆದುಕೊಳ್ಳುವುದು ತರವಲ್ಲ. ಮಂಜೂರಾದ ನಕ್ಷೆ ಮಹಾರೇರಾದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದಾದ ದಾಖಲೆ. ಅದರಲ್ಲಿ ಪಾರ್ಕಿಂಗಿನ ಮಟ್ಟಕ್ಕೂ ಲಿಫ್ಟಿನ ಬಾಗಿಲಿಗೂ ನಡುವೆ ಎಷ್ಟು ಪಾವಟಿಗೆಗಳಿವೆ, ಲಿಫ್ಟಿನ ಮತ್ತು ಬಚ್ಚಲಿನ ಬಾಗಿಲುಗಳು ಎಷ್ಟು ಅಗಲ, ನಕ್ಷೆಯಲ್ಲಿ ಬರೆದ ಇಳಿಜಾರು ಸ್ಥಳದಲ್ಲಿಯೂ ಇದೆಯೇ ಅಥವಾ ಅಲ್ಲಿ ಅಂಗಡಿಯ ಕಟ್ಟೆ ಎದ್ದಿದೆಯೇ ಎಂಬುದನ್ನು ನೋಡಿ, ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಕೇಳಬೇಕು. ಸಹಿಯಾದ ಮೇಲೆ ಕೇಳಿದರೆ ಉತ್ತರ ಸೊಸೈಟಿಯ ಸಭೆಯಿಂದ ಬರುತ್ತದೆ.